ಮೆಮೊರಿ ಸೋರಾಕತ್ತೈತಿ, ಯಾವ ಟೂಲ್ ಹಿಡೀಲಿ? ವಾಲ್‌ಗ್ರಿಂಡ್, ಏಸ್ಯಾನ್, ಹೀಪ್‌ಟ್ರ್ಯಾಕ್, ಮೆಮ್‌ಲೀಕ್, ಇಲ್ಲಾ ಸುಮ್ನ ರೀಸ್ಟಾರ್ಟೋ?

ತಿಂಗಳಿಗೆ ಎರಡು ಮೂರು ಸಲರ ಇದ ಪ್ರಶ್ನೆ ಬರ್ತೈತಿ ನನಗ, ಹೆಚ್ಚಾಗಿ ಇಲ್ಲೇ ಹುಬ್ಬಳ್ಳಿ-ಧಾರವಾಡದಾಗ ಎಂಜಿನಿಯರಿಂಗ್ ಮುಗಿಸಿ ಈಗಷ್ಟ ಕೆಲಸಕ್ಕ ಸೇರಿದ ಹುಡುಗ್ರಿಂದ. "ಸರ, ಸರ್ವರ್ ಮೆಮೊರಿ ದಿನಾ ಏರಕೋತ ಹೊಂಟೈತಿ, ವಾಲ್‌ಗ್ರಿಂಡ್ ಹಚ್ಚಲೋ ಏಸ್ಯಾನ್ ಹಚ್ಚಲೋ, ಇಲ್ಲಾ ಲೈಬ್ರರಿನ ಬದಲ ಮಾಡಲೋ?" ಒಬ್ಬೊಬ್ರಿಗೂ ಚಹಾ ಅಂಗಡಿ ಮುಂದ ನಿಂತು ಹೇಳಿ ಹೇಳಿ ಗಂಟಲ ಒಣಗೈತಿ, ಅದಕ್ಕ ಒಮ್ಮೆ ಕುಂತು ಬರದು ಹಾಕೇನಿ. ನಾನೇನು ಸೆಕ್ಯೂರಿಟಿ ಪಂಡಿತ ಅಲ್ಲ. ವಿದ್ಯಾನಗರದಾಗ ಐದು ಮಂದಿಯ ಸಣ್ಣ ಆಫೀಸ್ ನಮ್ಮದು, ಗಿರಾಕಿಗಳು ಹಾವೇರಿ, ಗದಗ ಕಡೆಯ ವ್ಯಾಪಾರಸ್ಥರು, ಸರ್ವರ್ ಅಂದ್ರ 2 ಜಿಬಿ ಮೆಮೊರಿಯ ಬಾಡಿಗಿ ಮಷಿನ್. ದೊಡ್ಡ ಕಂಪನಿಯವ್ರ ಲೆಕ್ಕ ಬ್ಯಾರೆ, ನಮ್ಮಂಥವ್ರ ಲೆಕ್ಕ ಬ್ಯಾರೆ, ಇದು ನಮ್ಮಂಥವ್ರ ಸಲುವಾಗಿ.

ಮೊದಲ ಒಂದು ಗೊಂದಲ ತಗೀತೇನಿ. ಲೀಕ್ ಅಂತ ಎರಡು ಬ್ಯಾರೆ ಬ್ಯಾರೆ ರೋಗಕ್ಕ ಹೆಸರಿಟ್ಟಾರ. 2014ರ ಏಪ್ರಿಲ್‌ನಾಗ ಗದ್ದಲ ಎಬ್ಬಿಸಿದ ಹಾರ್ಟ್‌ಬ್ಲೀಡ್, ಅಂದ್ರ ಸಿವಿಇ-2014-0160 (ಸಿವಿಇ ಅಂದ್ರ ಗೊತ್ತಾದ ಸೆಕ್ಯೂರಿಟಿ ತೂತಿಗೆ ಕೊಡೂ ನಂಬರ್), ನೆಟ್ಟಿನ ಮಾತು ಗುಟ್ಟಾಗಿಡೂ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 1.0.1ರಿಂದ 1.0.1ಎಫ್ ತನಕ ಇದ್ದು 1.0.1ಜಿ ಒಳಗ ಸರಿ ಆದದ್ದು, ಅದರಾಗ ಹೊರಗಿನವ ಸರ್ವರ್ ಮೆಮೊರಿಯೊಳಗಿಂದು ಒಂದು ಸಲಕ್ಕ 64 ಕೆಬಿ ತನಕ ಓದಬಹುದಿತ್ತು. ಮನಿಯ ಮಾತು ಕಿಡಕ್ಯಾಗಿಂದ ಹೊರಗ ಹೋದಂಗ. ಅದರ ಹೆಸರು ಹೇಳಿ ವಾಲ್‌ಗ್ರಿಂಡ್‌ನ ಲೀಕ್ ಚೆಕ್ ಹಚ್ಚಿ ಕುಂತವ್ರನ್ನ ನಾನ ನೋಡೇನಿ, ಆ ಚೆಕ್ಕಿನೊಳಗ ಅದು ಸಿಗೂದಿಲ್ರಿ. ನಾವು ಇಲ್ಲಿ ಮಾತಾಡೂದು ಇನ್ನೊಂದರ ಬಗ್ಗೆ: ಪ್ರೋಗ್ರಾಮ್ ಮೆಮೊರಿ ತಗೊಂತೈತಿ, ಕೆಲಸ ಮುಗಿದ ಮ್ಯಾಲ ಹೊಳ್ಳಿ ಕೊಡೂದ ಮರೀತೈತಿ. ಸಾಫ್ಟ್‌ವೇರ್ ದೋಷದ ಬಗೆಗಳಿಗೆ ನಂಬರ್ ಕೊಡೂ ಸಿಡಬ್ಲ್ಯುಇ ಪಟ್ಟಿಯೊಳಗ ಇದರ ನಂಬರ್ 401. ಮದುವಿಗಂತ ಭಾಂಡೆ ಬಾಡಿಗಿ ತಂದು ವಾಪಸ್ ಕೊಡದ ಮನಿ ಇದ್ದಂಗ, ಒಂದು ಮನಿ ಆದ್ರ ನಡೀತೈತಿ, ದಿನಕ್ಕ ಸಾವಿರ ಮದುವಿ ಆದ್ರ ಅಂಗಡ್ಯಾಗ ಒಂದ ತಾಟ ಸುದ್ದಾ ಉಳಿಯೂದಿಲ್ಲ.

ಅದ ಓಪನ್‌ಎಸ್‌ಎಸ್‌ಎಲ್ ಒಳಗ ಅದ 2014ರ ಅಕ್ಟೋಬರ್‌ನಾಗ ಖರೇ ಖರೇ ಮೆಮೊರಿ ಲೀಕ್ ಸಿಕ್ತು, ಸಿವಿಇ-2014-3513. ಡಿಟಿಎಲ್‌ಎಸ್ (ಯುಡಿಪಿ ಮ್ಯಾಲ ಗುಟ್ಟಾಗಿ ಮಾತಾಡೂ ಪದ್ಧತಿ) ಒಳಗಿನ ಎಸ್‌ಆರ್‌ಟಿಪಿ ಅನ್ನೋ ಎಕ್ಸ್‌ಟೆನ್ಷನ್ ಓದೋ ಕೋಡಿನ್ಯಾಗ ತಪ್ಪು, ಬೇಕಂತ ವಾರೆ ಮಾಡಿದ ಒಂದು ಹ್ಯಾಂಡ್‌ಶೇಕ್ (ಮಾತು ಶುರು ಮಾಡೂ) ಮೆಸೇಜ್ ಕಳಿಸಿದ್ರ 64 ಕೆಬಿ ತನಕ ಮೆಮೊರಿ ಬಿಡುಗಡಿ ಆಗ್ತಿದ್ದಿಲ್ಲ. ಲೆಕ್ಕ ಹಾಕ್ರಿ, 64 ಕೆಬಿಯಂಗ 16,384 ಮೆಸೇಜ್ ಬಂದ್ರ 1 ಜಿಬಿ ಹೋತು. ನಮ್ಮ 2 ಜಿಬಿ ಮಷಿನ್ ಎಷ್ಟೊತ್ತು ಉಸಿರ ಹಿಡೀತೈತಿ? ಯಾರೂ ಪಾಸ್‌ವರ್ಡ್ ಕದ್ದಿಲ್ಲ, ಆದ್ರ ಅಂಗಡಿ ಬಂದ್.

ಆರಿಸೂ ಮೊದಲ ನಾಲ್ಕು ಪ್ರಶ್ನೆ

ಯಾವ ಟೂಲ್ ಛಲೋ ಅಂತ ಕೇಳಬ್ಯಾಡ್ರಿ, ನಿಮ್ಮ ಪ್ರೊಸೆಸ್ ಎಲ್ಲಿ ಕುಂತೈತಿ ಅಂತ ಕೇಳ್ಕೋರಿ. ಸೋರ್ಸ್ ಕೋಡ್ ಕೈಯಾಗೈತೇನು, ಹೊಸ ಫ್ಲ್ಯಾಗ್ ಹಾಕಿ ಹೊಳ್ಳಿ ಬಿಲ್ಡ್ ಮಾಡಾಕ ಬರ್ತೈತೇನು? ಎರಡನೇದು, ಪ್ರೊಸೆಸ್ ಎಷ್ಟು ನಿಧಾನ ಆದ್ರ ತಡ್ಕೊಂತೈತಿ, ಅಂದ್ರ ಇದು ನಿಮ್ಮ ಲ್ಯಾಪ್‌ಟಾಪಿನ ಮ್ಯಾಲ ಓಡ್ತೈತೋ, ಇಲ್ಲಾ ಗಿರಾಕಿ ಮುಂದ ಓಡಾಕತ್ತೈತೋ. ಮೂರನೇದು, ಯಾವ ದಾರ್ಯಾಗ ಸೋರತೈತಿ ಅಂತ ಗೊತ್ತೈತೇನು, ಅಂದ್ರ ಬೇಕಂದಾಗ ಸೋರಿಸಿ ತೋರಸಾಕ ಬರ್ತೈತೇನು.

ನಾಲ್ಕನೇದು ಉಳಿದ ಮೂರಕ್ಕಿಂತ ದೊಡ್ಡದು, ಇದನ್ನ ಯಾರೂ ಕೇಳ್ಕೊಳ್ಳೂದಿಲ್ಲ: ನಳದ ತಿರುವು ಯಾರ ಕೈಯಾಗೈತಿ? ನಿಮ್ಮದ ರಾತ್ರಿ ಜಾಬ್ ಓಡಿದಾಗ ನಾಲ್ಕು ಎಂಬಿ ಸೋರತೈತಿ ಅಂದ್ರ ತಿರುವು ನಿಮ್ಮ ಕೈಯಾಗೈತಿ, ಅದು ಬರೇ ಬಗ್. ಹೊರಗಿನ ಯಾವನೋ ಒಂದು ರಿಕ್ವೆಸ್ಟ್ ಕಳಿಸಿದಾಗೆಲ್ಲ ಸೋರತೈತಿ, ಆ ರಿಕ್ವೆಸ್ಟಿನ ಆಕಾರ, ಗಾತ್ರ ಅವನ ಆರಿಸ್ತಾನ ಅಂದ್ರ ತಿರುವು ಅವನ ಕೈಯಾಗೈತಿ, ಅದು ವಲ್ನರೆಬಿಲಿಟಿ, ಅಂದ್ರ ದಾಳಿಗೆ ಸಿಗೂ ತೂತು. ಕೋಡಿನ್ಯಾಗ ಎರಡೂ ಒಂದ ಥರ ಕಾಣ್ತಾವ, ಒಂದು ಫ್ರೀ (ಮೆಮೊರಿ ಹೊಳ್ಳಿ ಕೊಡೂ ಸಾಲು) ಬರದಿಲ್ಲ ಅಷ್ಟ. ಆದ್ರ ಮೊದಲನೇದಕ್ಕ ರೀಸ್ಟಾರ್ಟ್ ಸಾಕಾಗ್ತೈತಿ, ಎರಡನೇದಕ್ಕ ಆಗೂದಿಲ್ಲ.

ಇನ್ನೊಂದು, ಟೂಲ್ ಹಿಡಿಯೂ ಮೊದಲ ಇದು ಖರೇನ ಲೀಕ್ ಹೌದೋ ಅಲ್ಲೋ ನೋಡ್ಕೋರಿ. ಲಿನಕ್ಸಿನ ಮೂಲ ಸಿ ಲೈಬ್ರರಿ ಜಿಲಿಬ್‌ಸಿ ಒಳಗ ಫ್ರೀ ಮಾಡಿದ ಮೆಮೊರಿ ಎಲ್ಲಾನೂ ತಕ್ಷಣ ಕರ್ನಲ್‌ಗೆ ಹೋಗೂದಿಲ್ಲ, ಮುಂದ ಬೇಕಾಗ್ತೈತಿ ಅಂತ ತನ್ನ ಹತ್ರನ ಇಟ್ಕೊಂತೈತಿ, ಥ್ರೆಡ್ ಭಾಳ ಇದ್ರ ಅರೀನಾಗಳೂ (ಮೆಮೊರಿ ಕೂಡಿಟ್ಕೊಳ್ಳೂ ಗೂಡು) ಭಾಳ ಆಗಿ ಟಾಪ್ ಕಮಾಂಡಿನ್ಯಾಗ ಅಂಕಿ ಇಳಿಯೂದ ಇಲ್ಲ. ಇಂಥದ್ರಾಗ ಏರಿದ ಅಂಕಿ ಒಂದು ಮಟ್ಟಕ್ಕ ಬಂದು ನಿಲ್ಲತೈತಿ. ಲೀಕ್ ಆದ್ರ ನಿಲ್ಲೂದಿಲ್ಲ, ಎರಡು ದಿನ ನೋಡ್ರಿ, ಅರ್ಧ ತಾಸಿಗೊಮ್ಮೆ ಅಂಕಿ ಬರದು ಇಟ್ಕೋರಿ, ಗೆರಿ ನೆಟ್ಟಗ ಮ್ಯಾಲ ಹೊಂಟಿದ್ರ ಮುಂದಿಂದು ಓದ್ರಿ. ಮಟ್ಟಕ್ಕ ಬಂದು ನಿಂತ್ರ ಮ್ಯಾಲಕ್-ಅರೀನಾ-ಮ್ಯಾಕ್ಸ್ (MALLOC_ARENA_MAX, ಮ್ಯಾಲಕ್ ಅಂದ್ರ ಮೆಮೊರಿ ಬೇಡೂ ಕರೆ) ಅನ್ನೋ ಎನ್ವಿರಾನ್ಮೆಂಟ್ ವೇರಿಯೇಬಲ್ 2ಕ್ಕ ಇಟ್ಟು ನೋಡ್ರಿ, ಅರ್ಧ ಮಂದಿಯ ಲೀಕ್ ಅಲ್ಲೇ ಮುಗೀತೈತಿ.

ನಮ್ಮ ಮೈಮ್ಯಾಲ ಬಂದದ್ದು

ಬ್ಯಾಡಗಿ ಕಡೆಯ ಒಬ್ರು ಮೆಣಸಿನಕಾಯಿ ದಲಾಲಿ ಅಂಗಡಿ ಸಾಹುಕಾರ್ರಿಗೆ ನಾವು ಒಂದು ಸಣ್ಣ ಆಪ್ ಮಾಡಿ ಕೊಟ್ಟಿದ್ವಿ. ರೈತರು ಚೀಲದ ಫೋಟೋ ಕಳಸ್ತಾರ, ಸರ್ವರ್ ಅದನ್ನ ಸಣ್ಣದು ಮಾಡಿ ಲಾಟ್ ನಂಬರಿನ ಬಾಜೂಕ ತೋರಸ್ತೈತಿ, ಇಷ್ಟ. ಟೆಂಡರ್ ಇಲ್ಲದ ದಿನ ಆರಾಮ ಇರ್ತಿತ್ತು. ಟೆಂಡರ್ ದಿನ ಬೆಳಿಗ್ಗೆ 180 ಎಂಬಿ ಇದ್ದದ್ದು ಊಟದ ಹೊತ್ತಿಗೆ 900 ದಾಟಿ, ಸಂಜೀಕ ಕರ್ನಲ್ಲಿನ ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಒಂದು ಪ್ರೊಸೆಸ್‌ನ ಕೊಲ್ಲೂದು) ಬಂದು ಹೊಡೀತಿತ್ತು, ಅದೂ ನಮ್ಮ ಆಪ್‌ನ ಅಲ್ಲ, ಬಾಜೂಕ ತಣ್ಣಗ ಕುಂತಿದ್ದ ಡೇಟಾಬೇಸ್‌ನ. ಸಾಹುಕಾರ್ರು ಫೋನ್ ಮಾಡಿ, "ಏನ್ರೀ ಇದು, ಮಂದಿ ಕೂಡಿದಾಗ ಸರಿಯಾಗಿ ಮಲಗತೈತಲ್ರೀ ನಿಮ್ಮ ಮಷಿನ್ನು" ಅಂದ್ರು. ಎರಡು ವಾರ ಡೇಟಾಬೇಸ್‌ನ ಬೈಕೋತ ಕುಂತಿದ್ವಿ ನಾವು.

ಆಮ್ಯಾಲ ಗೊತ್ತಾತು ಏನಂದ್ರ, ಫೋಟೋ ಫೈಲ್ ಓದಾಕ ನಾವು ಜೆಪೆಗ್ ಲೈಬ್ರರಿ ಲಿಬ್‌ಜೆಪೆಗ್ ಮ್ಯಾಲ ಹೊದಿಕಿಯಂಗ ಯಾರೋ ಬರದ ಒಂದು ಸಣ್ಣ ಓಪನ್‌ಸೋರ್ಸ್ ರ‍್ಯಾಪರ್ ಹಾಕಿದ್ವಿ. ಲಿಬ್‌ಜೆಪೆಗ್‌ಗೆ ಒಂದು ಹಳೇ ಚಾಳಿ ಐತಿ, ದೊಡ್ಡ ತಪ್ಪು ಕಂಡ್ರ ಅದು ಎರರ್ ಕೋಡ್ ಹೊಳ್ಳಿ ಕೊಡೂದಿಲ್ಲ, ಸುಮ್ನ ಬಿಟ್ರ ಪ್ರೋಗ್ರಾಮ್‌ನ ಮುಗಿಸಿ ಬಿಡ್ತೈತಿ. ಅದನ್ನ ತಪ್ಪಸಾಕ ಎಲ್ಲಾರೂ ಸೆಟ್‌ಜಂಪ್, ಲಾಂಗ್‌ಜಂಪ್ ಹಾಕಿ ಅಲ್ಲಿಂದ ಜಿಗದು ಹೊರಗ ಬರ್ತಾರ. ಈ ರ‍್ಯಾಪರ್ ಪೂರ್ತಿ ಫೈಲ್‌ನ ಒಂದು ಬಫರಿನ್ಯಾಗ ಓದಿ ಇಟ್ಕೊಂಡು, ಹೆಡರ್ ಓದಾಕ ಹೋಗಿ, ತಪ್ಪು ಕಂಡ್ರ ಜಿಗದು ಬಂದು ನಲ್ ಕೊಡ್ತಿತ್ತು. ಬಫರ್ ಫ್ರೀ ಮಾಡೂ ಸಾಲು ಜಿಗದ ದಾರಿಯೊಳಗ ಇರಲೇ ಇಲ್ಲ. ಯಾವಾಗ ತಪ್ಪು ಕಾಣ್ತಿತ್ತು? ಮಂದಿ ಸ್ಕ್ರೀನ್‌ಶಾಟ್ ತಗದು ಕಳಸ್ತಿದ್ರು, ಹೆಸರು ಜೆಪಿಜಿ, ಒಳಗ ಇದ್ದದ್ದು ಪಿಎನ್‌ಜಿ. "ನಾಟ್ ಎ ಜೆಪೆಗ್ ಫೈಲ್" ಅಂತ ಒಂದು ಸಾಲು ಲಾಗಿನ್ಯಾಗ, 3 ಎಂಬಿ ಮೆಮೊರಿ ಗಂಗಾರ್ಪಣ. ಅಂಥವು ಮುನ್ನೂರು ಫೋಟೋ ಬಂದ್ರ ಮುಗೀತು.

ಈಗ ನಾಲ್ಕನೇ ಪ್ರಶ್ನೆ ಕೇಳ್ರಿ. ತಿರುವು ಯಾರ ಕೈಯಾಗಿತ್ತು? ಫೋಟೋ ಕಳಸೂ ಯಾರ ಕೈಯಾಗ ಬೇಕಾದ್ರೂ ಇತ್ತು. ರೈತರು ತಿಳೀದ ಕಳಿಸಿದ್ರು, ತಿಳದು ಕಳಿಸೂವ ಒಬ್ಬ ಬಂದಿದ್ರ ಹತ್ತು ನಿಮಿಷದ ಕೆಲಸ ಅದು.

ವಾಲ್‌ಗ್ರಿಂಡ್

2002ರಿಂದ ಐತಿ, ಮೊದಲ ಬರದಾತ ಜೂಲಿಯನ್ ಸೆವರ್ಡ್. ದೊಡ್ಡ ಗುಣ ಏನಂದ್ರ ಹೊಳ್ಳಿ ಬಿಲ್ಡ್ ಮಾಡೂದ ಬ್ಯಾಡ, ಇದ್ದ ಬೈನರಿನ ಹಂಗ ಓಡಸ್ತೈತಿ, ಸೋರ್ಸ್ ಇಲ್ಲದ ಲೈಬ್ರರಿ ಆದ್ರೂ ನಡೀತೈತಿ. ದೊಡ್ಡ ಅವಗುಣ ವೇಗ, ಮೆಮೊರಿ ತಪ್ಪು ನೋಡೂ ಅದರ ಭಾಗ ಮೆಮ್‌ಚೆಕ್ ಹಚ್ಚಿದ್ರ ಪ್ರೋಗ್ರಾಮ್ 10ರಿಂದ 50 ಪಟ್ಟು ನಿಧಾನ. ನಮ್ಮ ಹಳೇ ಲ್ಯಾಪ್‌ಟಾಪಿನ್ಯಾಗ ಟೆಸ್ಟ್ ಹಚ್ಚಿ ದುರ್ಗದ ಬೈಲಿಗೆ ಹೋಗಿ ಗಿರ್ಮಿಟ್ ತಿಂದು ಬಂದ್ರೂ ಇನ್ನೂ ಓಡ್ತಿತ್ತು.

ಅದರ ರಿಪೋರ್ಟ್ ಓದೂದ ಒಂದು ಕಲೆ. "ಡೆಫಿನೆಟ್ಲಿ ಲಾಸ್ಟ್" ಅಂದ್ರ ಭಾಂಡೆ ಯಾರ ಮನ್ಯಾಗೈತಿ ಅಂತ ಹೇಳೂ ಚೀಟಿ ಸುದ್ದಾ ಕಳಕೊಂಡೀರಿ, ಇದನ್ನ ಮೊದಲ ನೋಡ್ರಿ. "ಇನ್‌ಡೈರೆಕ್ಟ್ಲಿ ಲಾಸ್ಟ್" ಅಂದ್ರ ಆ ಕಳದ ಭಾಂಡೆ ಒಳಗ ಇದ್ದ ಚಮಚ ಸೌಟು, ದೊಡ್ಡದು ಸಿಕ್ರ ಇವೂ ಸಿಗ್ತಾವ. "ಸ್ಟಿಲ್ ರೀಚೆಬಲ್" ಅಂದ್ರ ನಿಮ್ಮ ಅಟ್ಟದ ಮ್ಯಾಲ ಅದಾವ, ಚೀಟಿನೂ ಐತಿ, ಕೊಟ್ಟಿಲ್ಲ ಅಷ್ಟ. ಹೊಸಬ್ರು ಸ್ಟಿಲ್ ರೀಚೆಬಲ್ ಕಂಡು ಗಾಬರಿ ಆಗ್ತಾರ, ಪ್ರೋಗ್ರಾಮ್ ಶುರು ಆಗೂವಾಗ ಒಮ್ಮೆ ತಗೊಂಡು ಕೊನೀತನಕ ಇಟ್ಕೊಂಡದ್ದು ಆದ್ರ ಅದಕ್ಕ ಹೆದರೂದು ಬ್ಯಾಡ. ಆದ್ರ ಅದ ಅಂಕಿ ರಿಕ್ವೆಸ್ಟ್ ಹೆಚ್ಚಿದಂಗ ಹೆಚ್ಚಾಗಾಕತ್ತಿದ್ರ ಹೆದರ್ರಿ, ಖಾಲಿ ಮಾಡದ ಕ್ಯಾಶ್ ಇರ್ತೈತಿ ಅದು.

ನಮ್ಮ ಬಗ್ ಇದರಾಗ ಸಿಗ್ತೇನು? ಇಲ್ರಿ. ನಾವು ಹತ್ತು ಛಂದನ ಜೆಪೆಗ್ ಫೋಟೋ ಕೊಟ್ಟು ಓಡಿಸಿದ್ವಿ, ಅದು "ನೋ ಲೀಕ್ಸ್ ಆರ್ ಪಾಸಿಬಲ್" ಅಂತ ಸರ್ಟಿಫಿಕೇಟ್ ಕೊಟ್ಟಿತು. ಸುಳ್ಳಲ್ಲ ಅದು, ನಾವು ನಡದ ದಾರ್ಯಾಗ ಲೀಕ್ ಇರಲಿಲ್ಲ. ಓಡಿಸಿ ನೋಡೂ ಯಾವ ಟೂಲ್ ಆದ್ರೂ ನೀವು ನಡಸಿದ ದಾರಿ ಅಷ್ಟ ನೋಡ್ತೈತಿ, ಓಪನ್‌ಸೋರ್ಸ್ ಲೈಬ್ರರಿಗಳೊಳಗಿನ ಲೀಕ್‌ಗಳು ಹೆಚ್ಚಾಗಿ ಎರರ್ ದಾರ್ಯಾಗ ಅಡಗಿರ್ತಾವ, ಯಾಕಂದ್ರ ಬರದವ್ರೂ ಆ ದಾರ್ಯಾಗ ಭಾಳ ಸಲ ಓಡಾಡಿರೂದಿಲ್ಲ.

ಏಸ್ಯಾನ್, ಎಲ್‌ಸ್ಯಾನ್

ಪೂರ್ತಿ ಹೆಸರು ಅಡ್ರೆಸ್ ಸ್ಯಾನಿಟೈಜರ್, ಅದರ ಕೂಡ ಬರೂದು ಲೀಕ್ ಸ್ಯಾನಿಟೈಜರ್. ಗೂಗಲ್‌ನವ್ರು ಮಾಡಿದ್ದು, ಕ್ಲ್ಯಾಂಗ್, ಜಿಸಿಸಿ ಎರಡೂ ಕಂಪೈಲರ್ ಒಳಗ ಐತಿ, ಜಿಸಿಸಿಗೆ ಅಡ್ರೆಸ್ ಸ್ಯಾನಿಟೈಜರ್ 4.8ರಾಗ ಬಂತು, ಲೀಕ್ ಸ್ಯಾನಿಟೈಜರ್ 4.9ರಾಗ. ಇಲ್ಲಿ ಹೊಳ್ಳಿ ಬಿಲ್ಡ್ ಮಾಡಬೇಕು, ಅದ ಇದರ ಬೆಲೆ. ಬದಲಿಗೆ ವೇಗ ಸಿಗ್ತೈತಿ: 2012ರಾಗ ಅವರು ಮಂಡಿಸಿದ ಪ್ರಬಂಧದ ಪ್ರಕಾರ ಸರಾಸರಿ 73% ನಿಧಾನ, ಅಂದಾಜು ಎರಡು ಪಟ್ಟು ಅಂತ ಹಿಡೀರಿ. ವಾಲ್‌ಗ್ರಿಂಡಿನ 10-50 ಪಟ್ಟಿನ ಮುಂದ ಇದು ಚಿಗರಿ ಬಸ್ಸು ಇದ್ದಂಗ. ಮೆಮೊರಿ ಮಾತ್ರ ಎರಡು ಮೂರು ಪಟ್ಟು ಹೆಚ್ಚಿಗಿ ತಿಂತೈತಿ, 2 ಜಿಬಿ ಮಷಿನ್ ಇದ್ರ ನೋಡಿ ಹಚ್ಚರಿ. ಬರೇ ಲೀಕ್ ಬೇಕು ಅಂದ್ರ ಲೀಕ್ ಸ್ಯಾನಿಟೈಜರ್ ಒಂದನ್ನ ಹಚ್ಚಾಕೂ ಬರ್ತೈತಿ, ಅದು ಕೊನೀಗೆ ಒಮ್ಮೆ ಲೆಕ್ಕ ನೋಡೂ ತನಕ ಹೆಚ್ಚಿಗೇನೂ ನಿಧಾನ ಮಾಡೂದಿಲ್ಲ.

ಒಂದು ಗಮ್ಮತ್ತು ಐತಿ, ಇದ್ರಾಗ ನಾನ ಬಿದ್ದೇನಿ. ಎಲ್‌ಸ್ಯಾನ್ ರಿಪೋರ್ಟ್ ಕೊಡೂದು ಪ್ರೊಸೆಸ್ ಸರಳ ಮುಗಿದಾಗ. ಸರ್ವರ್ ಪ್ರೊಸೆಸ್ ಮುಗಿಯೂದ ಇಲ್ಲಲ್ರೀ, ನಾವು ಕಿಲ್ ಮೈನಸ್ 9 ಹೊಡದು ರಿಪೋರ್ಟ್ ಎಲ್ಲಿ ಅಂತ ಹುಡಕ್ತಿದ್ವಿ. ಸಿಗ್ನಲ್ ಬಂದಾಗ ಸರಿಯಾಗಿ ಎಕ್ಸಿಟ್ ಆಗೂ ಹಂಗ ಬರೀರಿ, ಇಲ್ಲಾ ನಡುವ ಲೆಕ್ಕ ಕೇಳೂ ಫಂಕ್ಷನ್ ಒಂದು ಐತಿ, ಅದನ್ನ ಕರೀರಿ. ಜಿಡಿಬಿ ಅಥವಾ ಎಸ್‌ಟ್ರೇಸ್ (ಓಡೂ ಪ್ರೋಗ್ರಾಮಿನೊಳಗ ಇಣಕಿ ನೋಡೂ ಟೂಲ್) ಕೆಳಗ ಓಡಿಸಿದ್ರ ಎಲ್‌ಸ್ಯಾನ್ ಕೆಲಸ ಮಾಡೂದಿಲ್ಲ, ಎಲ್‌ಸ್ಯಾನ್‌ಗೂ ಅವಕ್ಕೂ ಪಿಟ್ರೇಸ್ ಅನ್ನೋ ಒಂದ ಕರ್ನಲ್ ಸೌಲಭ್ಯ ಬೇಕು, ಅಲ್ಲಿ ಜಗಳ. ಹಂಗ ಅಟ್ಟದ ಮ್ಯಾಲಿನ ಭಾಂಡೆ, ಅಂದ್ರ ಚೀಟಿ ಇನ್ನೂ ಕೈಯಾಗಿದ್ದು ಬೆಳಕೋತ ಹೊಂಟ ಮೆಮೊರಿ, ಇದಕ್ಕ ಕಾಣೂದಿಲ್ಲ. ಮತ್ತ ಪ್ರೊಡಕ್ಷನ್ ಸರ್ವರಿನ್ಯಾಗ ಏಸ್ಯಾನ್ ಬಿಲ್ಡ್ ಬಿಡಬ್ಯಾಡ್ರಿ, ಅದು ಬಗ್ ಹುಡುಕೂ ಸಾಮಾನು, ಕಾವಲುಗಾರ ಅಲ್ಲ.

ಇದರ ಖರೇ ಬಲ ಬರೂದು ಫಜಿಂಗ್ ಕೂಡ ಹಚ್ಚಿದಾಗ. ಲಿಬ್‌ಫಜರ್ ಅನ್ನೂದು ಕೆಟ್ಟ ಕೆಟ್ಟ ಇನ್‌ಪುಟ್ ತಾನ ಹುಟ್ಟಿಸಿ ನಿಮ್ಮ ಫಂಕ್ಷನ್ನಿಗೆ ತುರಕ್ತೈತಿ, ಎಲ್‌ಸ್ಯಾನ್ ಬಾಜೂಕ ಕುಂತು ಲೆಕ್ಕ ಹಿಡೀತೈತಿ. ನಮ್ಮ ರ‍್ಯಾಪರ್‌ಗೆ ಮೂವತ್ತು ಸಾಲಿನ ಒಂದು ಹಾರ್ನೆಸ್ (ಫಜರ್‌ನ ಫಂಕ್ಷನ್ನಿಗೆ ಜೋಡಸೂ ಕೋಡ್) ಬರದು ಹಚ್ಚಿದ್ವಿ, ಚಹಾ ತಣ್ಣಗಾಗೂದ್ರೊಳಗ ಲೀಕ್ ತೋರಿಸಿತು, ಯಾಕಂದ್ರ ಅದಕ್ಕ ಛಂದನ ಫೋಟೋ ಅಂದ್ರ ಏನಂತನ ಗೊತ್ತಿಲ್ಲ, ಹುಟ್ಟಸೂದೆಲ್ಲಾ ಕಸಾನ. ಗೂಗಲ್‌ನವ್ರು 2016ರ ಡಿಸೆಂಬರ್‌ನಾಗ ಶುರು ಮಾಡಿದ ಓಎಸ್‌ಎಸ್-ಫಜ್ ಮಾಡೂದೂ ಇದನ್ನ, ಮಂದಿ ಭಾಳ ಬಳಸೂ ಓಪನ್‌ಸೋರ್ಸ್ ಲೈಬ್ರರಿಗಳನ್ನ ಹಗಲೂ ರಾತ್ರಿ ಹಿಂಗ ಹಿಂಡ್ತೈತಿ. ಒಂದು ಲೈಬ್ರರಿ ಆರಿಸೂವಾಗ ಅದು ಓಎಸ್‌ಎಸ್-ಫಜ್ ಒಳಗೈತೇನು ಅಂತ ನಾನೀಗ ನೋಡತೇನಿ, ಸ್ಟಾರ್ ಎಷ್ಟು ಬಿದ್ದಾವ ಅನ್ನೂದಕ್ಕಿಂತ ಅದು ಹೆಚ್ಚು ಹೇಳ್ತೈತಿ.

ಓಡೂ ಪ್ರೊಸೆಸ್ಸಿಗೆ ಹಚ್ಚೂವು: ಹೀಪ್‌ಟ್ರ್ಯಾಕ್, ಬಿಸಿಸಿ ಮೆಮ್‌ಲೀಕ್

ದಾರಿ ಗೊತ್ತಿಲ್ಲ, ಲ್ಯಾಪ್‌ಟಾಪಿನ್ಯಾಗ ಸೋರೂದಿಲ್ಲ, ಸರ್ವರಿನ್ಯಾಗಷ್ಟ ಸೋರತೈತಿ ಅಂದಾಗ ಇವೆರಡು.

ಹೀಪ್‌ಟ್ರ್ಯಾಕ್ ಕೆಡಿಇ ಬಳಗದ್ದು. ಪ್ರೋಗ್ರಾಮ್‌ನ ಅದರ ಕೆಳಗ ಶುರು ಮಾಡಬಹುದು, ಓಡೂ ಪ್ರೊಸೆಸ್ಸಿಗೂ ಅಂಟಿಸಬಹುದು. ಕೊಡೂ ಚಿತ್ರ ಅಗದಿ ಛಂದ, ಯಾವ ಫಂಕ್ಷನ್ ಎಷ್ಟು ತಗೊಂಡೈತಿ, ಹೊತ್ತು ಹೋದಂಗ ಹೆಂಗ ಬೆಳದೈತಿ, ಎಲ್ಲಾ ಕಣ್ಣಿಗೆ ಕಾಣ್ತೈತಿ, ಅಟ್ಟದ ಮ್ಯಾಲಿನ ಭಾಂಡೆ ಸುದ್ದಾ. ಆದ್ರ ಓಡೂ ಪ್ರೊಸೆಸ್ಸಿಗೆ ಅಂಟಸಾಕ ಅದು ಜಿಡಿಬಿ ಹಿಡಕೊಂಡು ಒಳಗ ನುಗ್ಗತೈತಿ, ಗಿರಾಕಿ ಮುಂದಿರೂ ಪ್ರೊಸೆಸ್ಸಿಗೆ ಹಿಂಗ ಮಾಡಾಕ ನನಗ ಎದಿ ಡವ ಡವ ಅಂತೈತಿ.

ಬಿಸಿಸಿ ಮೆಮ್‌ಲೀಕ್ ಇಬಿಪಿಎಫ್ (ಕರ್ನಲ್ಲಿನೊಳಗ ಸಣ್ಣ ಪ್ರೋಗ್ರಾಮ್ ಓಡಸೂ ವ್ಯವಸ್ಥೆ) ಮ್ಯಾಲ ನಿಂತದ್ದು. ಪ್ರೊಸೆಸ್ ನಂಬರ್ ಕೊಟ್ರ ಸಾಕು, ಐದು ಸೆಕೆಂಡಿಗೊಮ್ಮೆ ಇನ್ನೂ ಫ್ರೀ ಆಗದ ಅಲೊಕೇಶನ್‌ಗಳೊಳಗ ಮ್ಯಾಲಿನ ಹತ್ತು ಸ್ಟ್ಯಾಕ್ (ಯಾವ ಫಂಕ್ಷನ್ ಯಾವುದನ್ನ ಕರೀತು ಅನ್ನೋ ಸರಪಳಿ) ತೋರಸ್ತೈತಿ. ಇದು ತೋರಸೂದೆಲ್ಲಾ ಲೀಕ್ ಅಲ್ಲ, ಇನ್ನೂ ಕೆಲಸದಾಗ ಇರೂ ಮೆಮೊರಿನೂ ಇರ್ತೈತಿ, ಯಾವ ಸಾಲಿನ ಅಂಕಿ ಇಳೀದ ಏರಕೋತ ಹೊಂಟೈತಿ ಅದನ್ನ ನೋಡಬೇಕು. ನಾವು ಟೆಂಡರ್ ದಿನ ಅರ್ಧ ತಾಸು ಇದನ್ನ ಹಚ್ಚಿ ಕುಂತಿದ್ವಿ, ಒಂದ ಸ್ಟ್ಯಾಕ್ 12 ಎಂಬಿಯಿಂದ 60 ಎಂಬಿಗೆ ಹೋತು, ಹೆಸರು ನೋಡಿದ್ರ ಫೋಟೋ ಓದೂ ಫಂಕ್ಷನ್. ಅಲ್ಲಿಗೆ ಡೇಟಾಬೇಸಿಗೆ ಕ್ಷಮಾ ಕೇಳಿದ್ವಿ. ಷರತ್ತು ಏನಂದ್ರ ರೂಟ್ (ಅಡ್ಮಿನ್ ಅಧಿಕಾರ) ಬೇಕು, ಕರ್ನಲ್ ನಿಮ್ಮದ ಆಗಿರಬೇಕು, ಸೋವಿ ಹೋಸ್ಟಿಂಗಿನ ಕಂಟೇನರ್ ಮಷಿನ್‌ಗಳೊಳಗ ನಡಿಯೂದಿಲ್ಲ. ಪ್ರತಿ ಮ್ಯಾಲಕ್‌ಗೂ ಒಂದು ಯುಪ್ರೋಬ್ (ಕರ್ನಲ್ ನಡುವ ತಡದು ನೋಡೂ ಜಾಗ) ಬೀಳ್ತೈತಿ, ಮ್ಯಾಲಕ್ ಭಾಳ ಮಾಡೂ ಪ್ರೋಗ್ರಾಮ್ ಆದ್ರ ಭಾರ ಗೊತ್ತಾಗ್ತೈತಿ. ಫ್ರೇಮ್ ಪಾಯಿಂಟರ್ (ಸ್ಟ್ಯಾಕಿನ ಜಾಡು ಹಿಡಿಯಾಕ ಬೇಕಾದ ಗುರ್ತು) ಇಲ್ಲದ ಬಿಲ್ಡ್ ಆದ್ರ ಸ್ಟ್ಯಾಕ್ ಅರ್ಧಕ್ಕ ಕಡೀತೈತಿ, ಉಬುಂಟು 24.04ರಿಂದ ಅವ್ರ ಪ್ಯಾಕೇಜ್‌ಗಳನ್ನ ಫ್ರೇಮ್ ಪಾಯಿಂಟರ್ ಇಟ್ಟ ಬಿಲ್ಡ್ ಮಾಡ್ತಾರ, ಹಳೇದ್ರಾಗ ನಿಮ್ಮ ಕೋಡ್‌ನರ ಹಂಗ ಬಿಲ್ಡ್ ಮಾಡ್ಕೋರಿ.

ಓಡಿಸದ ನೋಡೂವು, ಅಂದ್ರ ಸ್ಟ್ಯಾಟಿಕ್ ಅನಲೈಜರ್, ಭಾಳ ಹೇಳೂದಿಲ್ಲ. ಜಿಸಿಸಿ 10ರಿಂದ ಎಫ್-ಅನಲೈಜರ್ ಐತಿ, ಸಿ ಭಾಷೆಗೆ ಛಲೋ, ಕ್ಲ್ಯಾಂಗಿಂದು ಒಂದೈತಿ, ಸಿಪಿಪಿಚೆಕ್ ಐತಿ. ಪುಕ್ಕಟೆ, ಐದು ನಿಮಿಷದ ಕೆಲಸ, ಎರರ್ ದಾರಿ ಸುದ್ದಾ ನೋಡ್ತಾವ, ಅದು ಇವಕ್ಕಿರೂ ಹೆಚ್ಚಳ. ಆದ್ರ ಒಬ್ರು ತಗೊಂಡದ್ದನ್ನ ಇನ್ನೊಂದು ಲೈಬ್ರರಿಯವ್ರು ಫ್ರೀ ಮಾಡೂ ಜಾಗದಾಗ ಇವಕ್ಕ ತಲಿ ತಿರಗತೈತಿ. ಬಿಲ್ಡಿನ್ಯಾಗ ಹಾಕಿ ಇಟ್ಟು ಬಿಡ್ರಿ.

ಸಿ ಅಲ್ರಿ, ನಾವು ಪೈಥಾನ್ ಅಂತೀರಾ? ಟ್ರೇಸ್‌ಮ್ಯಾಲಕ್ 3.4ರಿಂದ ಒಳಗ ಐತಿ, ಮೊದಲ ಅದನ್ನ ಹಚ್ಚರಿ. ಅದರ ಲೆಕ್ಕದಾಗ ಏನೂ ಬೆಳದಿಲ್ಲ, ಪ್ರೊಸೆಸ್ ಮಾತ್ರ ಉಬ್ಬಾಕತ್ತೈತಿ ಅಂದ್ರ ಸೋರಿಕಿ ಕೆಳಗಿನ ಸಿ ಲೈಬ್ರರಿಯೊಳಗ, ಯಾಕಂದ್ರ ಸಿ ಕೋಡ್ ನೇರ ಮಾಡಿದ ಮ್ಯಾಲಕ್ ಅದಕ್ಕ ಕಾಣೂದಿಲ್ಲ, ಹೊಳ್ಳಿ ಮ್ಯಾಲಿನ ಟೂಲ್‌ಗಳಿಗೆ ಬರ್ರಿ. ರಸ್ಟ್‌ನಾಗ ಲೀಕ್ ಆಗೂದ ಇಲ್ಲ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ, ರಸ್ಟ್‌ನವ್ರ ಲೆಕ್ಕದಾಗ ಲೀಕ್ ಅನ್ನೂದು ಸೇಫ್, ಎರಡು ಆರ್‌ಸಿ (ಎಷ್ಟು ಕಡೆ ಹಿಡದಾರ ಅಂತ ಎಣಿಸೂ ಪಾಯಿಂಟರ್) ಒಂದಕ್ಕೊಂದು ಕೈ ಹಿಡಕೊಂಡು ಕುಂತ್ರ ಅಲ್ಲೂ ಭಾಂಡೆ ವಾಪಸ್ ಬರೂದಿಲ್ಲ.

ಸಿಕ್ತು, ಲೈಬ್ರರಿಯೊಳಗೈತಿ. ಈಗ?

ಇದು ಎರಡನೇ ಆರಿಸೂ ಕೆಲಸ, ಇಲ್ಲಿ ರೊಕ್ಕಕ್ಕಿಂತ ನಿದ್ದಿ ಲೆಕ್ಕ ಮುಖ್ಯ. ಹೊಸ ವರ್ಷನ್‌ಗೆ ಹೋಗೂದು, ಡಿಸ್ಟ್ರೋದವ್ರ (ಲಿನಕ್ಸ್ ಕಟ್ಟಿ ಕೊಡೂ ಡೆಬಿಯನ್, ಉಬುಂಟುದಂಥವ್ರ) ಪ್ಯಾಚ್ ತಗೊಳ್ಳೂದು, ರೀಸ್ಟಾರ್ಟ್ ಹಚ್ಚೂದು, ಲೈಬ್ರರಿ ಬಿಟ್ಟು ಬ್ಯಾರೆ ಹಿಡಿಯೂದು.

ಮೊದಲ ಅಡ್ವೈಸರಿ (ಲೈಬ್ರರಿಯವ್ರು ಹಾಕೂ ಎಚ್ಚರಿಕಿ ಪತ್ರ) ಪೂರ್ತಿ ಓದ್ರಿ, ಬರೇ ಸಿವಿಇ ನಂಬರ್ ನೋಡಿ ಓಡಬ್ಯಾಡ್ರಿ. ಎರಡು ಉದಾಹರಣಿ ಬಾಜೂಕ ಬಾಜೂಕ ಇಡತೇನಿ. ನೆಟ್ಟಿನಿಂದ ಡೇಟಾ ತರೂ ಲೈಬ್ರರಿ ಲಿಬ್‌ಕರ್ಲ್‌ನ ಸಿವಿಇ-2024-2398: ಎಚ್‌ಟಿಟಿಪಿ 2ರ ಸರ್ವರ್ ಪುಶ್ (ಕೇಳದನ ಸರ್ವರ್ ತಾನ ಕಳಸೂದು) ಒಳಗ ಹೆಡರ್ ಸಂಖ್ಯೆ 1000 ದಾಟಿದ್ರ ಲಿಬ್‌ಕರ್ಲ್ ಅಷ್ಟಕ್ಕ ಕೈ ಬಿಟ್ಟು, ಅಲ್ಲೀತನಕ ತಗೊಂಡ ಹೆಡರ್‌ಗಳನ್ನ ಫ್ರೀ ಮಾಡ್ತಿದ್ದಿಲ್ಲ, 7.44.0ರಿಂದ 8.6.0 ತನಕ ಇತ್ತು, 8.7.0ರಾಗ ಸರಿ ಆತು. ಆದ್ರ ನಿಮ್ಮ ಪ್ರೋಗ್ರಾಮ್ ತಾನಾಗಿ ಸರ್ವರ್ ಪುಶ್ ಒಪ್ಪಿಕೊಂಡಿದ್ರ ಅಷ್ಟ ಬಾಧೆ, ನಮ್ಮೊಳಗ ಎಷ್ಟು ಮಂದಿ ಅದನ್ನ ಹಚ್ಚಿರ್ತೀವಿ? ಮುಂದಿನ ಅಪ್‌ಡೇಟಿನ ಕೂಡ ಬರಲಿ ಅಂತ ಆರಾಮ ಇರಬಹುದು. ಇನ್ನೊಂದು ಕಡೆ ಓಪನ್‌ಎಸ್‌ಎಸ್‌ಎಲ್‌ನ ಸಿವಿಇ-2016-6304: ಒಂದ ಕನೆಕ್ಷನ್ ಮ್ಯಾಲ ಹೊಳ್ಳಿ ಹೊಳ್ಳಿ ರೀನೆಗೋಷಿಯೇಶನ್ (ಹ್ಯಾಂಡ್‌ಶೇಕ್ ಹೊಸದಾಗಿ ಮಾಡೂದು) ಕೇಳಿ ಪ್ರತಿ ಸಲ ದೊಡ್ಡ ಓಸಿಎಸ್‌ಪಿ (ಸರ್ಟಿಫಿಕೇಟ್ ಇನ್ನೂ ನಡೀತೈತೇನು ಅಂತ ಕೇಳೂ) ಎಕ್ಸ್‌ಟೆನ್ಷನ್ ಕಳಿಸಿದ್ರ ಸರ್ವರ್ ಮೆಮೊರಿ ಮಿತಿ ಇಲ್ಲದ ಬೆಳೀತಿತ್ತು, ನೀವು ಓಸಿಎಸ್‌ಪಿ ಬಳಸದಿದ್ರೂ ಡೀಫಾಲ್ಟ್ ಸೆಟ್ಟಿಂಗಿನ್ಯಾಗ ಬಾಧೆ ಇತ್ತು. 2016ರ ಸೆಪ್ಟೆಂಬರ್‌ನಾಗ 1.1.0ಎ, 1.0.2ಐ, 1.0.1ಯು ಬಿಟ್ಟು ಸರಿ ಮಾಡಿದ್ರು. "ನಾವು ಅದನ್ನ ಬಳಸೂದ ಇಲ್ಲ" ಅನ್ನೋ ಮಾತು ಮೊದಲನೇದ್ರಾಗ ನಡೀತೈತಿ, ಎರಡನೇದ್ರಾಗ ನಡಿಯೂದಿಲ್ಲ.

ಡಿಸ್ಟ್ರೋ ಪ್ಯಾಚ್ ನಮ್ಮಂಥ ಸಣ್ಣವ್ರಿಗೆ ಅಗದಿ ಅನುಕೂಲ. ಡೆಬಿಯನ್, ಉಬುಂಟುದವ್ರು ಹಳೇ ವರ್ಷನ್ನಿಗೇ ತಿದ್ದುಪಡಿ ಅಷ್ಟ ತಂದು ಹಾಕ್ತಾರ, ಬ್ಯಾರೆ ಏನೂ ಅಲಗಾಡೂದಿಲ್ಲ. ತೊಡಕು ಏನಂದ್ರ ವರ್ಷನ್ ನಂಬರ್ ಹಳೇದ ಕಾಣ್ತೈತಿ, ಆಡಿಟ್ ಮಾಡೂವ ಸ್ಕ್ಯಾನರ್ ಹಚ್ಚಿ ಕೆಂಪ ಗುರ್ತು ಹಾಕಿ ಹೋಗ್ತಾನ, ಆಗ ಪ್ಯಾಕೇಜಿನ ಚೇಂಜ್‌ಲಾಗ್ ತಗದು ಸಿವಿಇ ನಂಬರ್ ತೋರಸ್ರಿ. ಅಪ್‌ಡೇಟ್ ಆದ ಮ್ಯಾಲ ಸರ್ವಿಸ್ ರೀಸ್ಟಾರ್ಟ್ ಮಾಡೂದ ಮರೀಬ್ಯಾಡ್ರಿ, ಇಲ್ಲಾಂದ್ರ ಡಿಸ್ಕಿನ್ಯಾಗ ಹೊಸ ಲೈಬ್ರರಿ, ಮೆಮೊರಿಯೊಳಗ ಹಳೇದ ಓಡ್ತಿರ್ತೈತಿ. ಮತ್ತ ನಿಮ್ಮ ಪೈಥಾನ್ ವ್ಹೀಲ್, ನೋಡ್ ಪ್ಯಾಕೇಜ್ ಒಳಗ ಅದ ಲೈಬ್ರರಿಯ ಇನ್ನೊಂದು ಕಾಪಿ ಕಟ್ಟಿ ಇಟ್ಟಿರ್ತಾರ, ಆಪ್ಟ್ ಅಪ್‌ಡೇಟ್ ಅದನ್ನ ಮುಟ್ಟೂದ ಇಲ್ಲ.

ರೀಸ್ಟಾರ್ಟ್ ಅಂದ್ರ ಮೂಗು ಮುರೀತಾರ ಮಂದಿ, ನಾನು ಮುರಿಯೂದಿಲ್ಲ. ಪೈಥಾನ್ ಸರ್ವರ್ ಗನಿಕಾರ್ನ್‌ಗೆ ಮ್ಯಾಕ್ಸ್ ರಿಕ್ವೆಸ್ಟ್ಸ್ ಐತಿ, ಪಿಎಚ್‌ಪಿ-ಎಫ್‌ಪಿಎಂಗೂ ಅಂಥದ್ದ ಐತಿ, ಅಪಾಚೆಗೂ ಐತಿ, ಇಂತಿಷ್ಟು ರಿಕ್ವೆಸ್ಟ್ ಆದ ಮ್ಯಾಲ ವರ್ಕರ್‌ನ ಬದಲ ಮಾಡೂದು. ದೊಡ್ಡ ದೊಡ್ಡ ಮಂದಿನ ಇದನ್ನ ಬರದು ಇಟ್ಟಾರಂದ್ರ ಅವರಿಗೂ ಸೋರೈತಿ ಅಂತ ಅರ್ಥ. ಲಿನಕ್ಸಿನ್ಯಾಗ ಸರ್ವಿಸ್ ನಡಸೂ ಸಿಸ್ಟಮ್‌ಡಿ ಒಳಗ ಮೆಮೊರಿಮ್ಯಾಕ್ಸ್ (ಮೆಮೊರಿ ಮಿತಿ) ಹಾಕ್ರಿ, ಆಗ ಸೋರಿದವನ ಸಾಯ್ತಾನ, ಬಾಜೂಕಿನ ಡೇಟಾಬೇಸ್ ಸಾಯೂದಿಲ್ಲ, ಈ ಒಂದ ಸಾಲು ಮೊದಲ ಹಾಕಿದ್ರ ನಮ್ಮ ಎರಡು ವಾರ ಉಳೀತಿತ್ತು. ಆದ್ರ ತಿರುವು ಹೊರಗಿನವನ ಕೈಯಾಗಿದ್ರ ರೀಸ್ಟಾರ್ಟ್ ಅನ್ನೂದು ಅವನಿಗೆ ಹೊಳ್ಳಿ ಹೊಳ್ಳಿ ತುಂಬಿದ ಕೊಡ ಕೊಟ್ಟಂಗ, ಅವ ಒದೀತಾನ, ನೀವು ತುಂಬ್ತೀರಿ, ನಡುವ ಗಿರಾಕಿ ಕಾಯ್ತಾನ. ಅಲ್ಲಿ ಪ್ಯಾಚ್ ಬರೂ ತನಕ ಅಷ್ಟ ಇದು, ಕೂಡ ರೇಟ್ ಲಿಮಿಟ್, ಅಪ್‌ಲೋಡ್ ಗಾತ್ರಕ್ಕ ಮಿತಿ ಹಚ್ಚರಿ.

ಲೈಬ್ರರಿ ಬದಲ ಮಾಡೂದನ್ನ ಕಡೀಕ ಇಡ್ರಿ. ಒಂದು ಲೀಕ್ ಸಿಕ್ಕ ಲೈಬ್ರರಿ ಕೆಟ್ಟದ್ದು ಅಂತಲ್ಲ, ಲೀಕ್ ಹೇಳಿದ ಮ್ಯಾಲ ಆರು ತಿಂಗಳಾದ್ರೂ ಯಾರೂ ಉತ್ತರ ಕೊಡದ ಲೈಬ್ರರಿ ಕೆಟ್ಟದ್ದು. ನಮ್ಮ ರ‍್ಯಾಪರ್ ಹಂಗ ಇತ್ತು, ಕಡೀ ಕಮಿಟ್ ಯಾವಾಗಿಂದೋ, ನಾವು ಕಳಿಸಿದ ತಿದ್ದುಪಡಿ ಹಂಗ ಬಿದ್ದೈತಿ. ಒಂದು ಫ್ರೀ ಸಾಲು ಸೇರಿಸಿ, ಜಿಗದು ಬಂದ ಮ್ಯಾಲ ಬಫರ್ ಪಾಯಿಂಟರ್ ಕೈಗೆ ಸರಿಯಾಗಿ ಸಿಗಲಿ ಅಂತ ಅದಕ್ಕ ವೊಲಟೈಲ್ ಹಾಕಿ, ಕಾಪಿ ನಮ್ಮ ಹತ್ರನ ಇಟ್ಕೊಂಡೇವಿ. ನಾಲ್ಕು ನೂರು ಸಾಲಿನ ಕೋಡಿಗೆ ಇದು ನಡೀತೈತಿ, ಓಪನ್‌ಎಸ್‌ಎಸ್‌ಎಲ್‌ನಂಥದಕ್ಕ ಹಿಂಗ ಮಾಡಾಕ ಹೋಗಬ್ಯಾಡ್ರಿ.

ಹಂಗಾದ್ರ ಯಾರು ಏನು ಹಿಡೀಬೇಕು

ಕಾಲೇಜ್ ಪ್ರಾಜೆಕ್ಟ್, ಸಿ ಕಲಿಯಾಕತ್ತೀರಿ ಅಂದ್ರ ವಾಲ್‌ಗ್ರಿಂಡ್, ಎರಡನೇ ಮಾತಿಲ್ಲ, ಅದರ ರಿಪೋರ್ಟ್ ಓದಿ ಓದಿನ ಪಾಯಿಂಟರ್ ತಿಳೀತೈತಿ. ಸ್ವಂತ ಕೋಡ್, ದಿನಾ ಬಿಲ್ಡ್ ಆಗ್ತೈತಿ ಅಂದ್ರ ಟೆಸ್ಟ್‌ಗಳನ್ನ ಏಸ್ಯಾನ್ ಹಚ್ಚಿ ಓಡಸ್ರಿ, ಹೊರಗಿನಿಂದ ಫೈಲ್ ಇಲ್ಲಾ ಪ್ಯಾಕೆಟ್ ತಗೊಳ್ಳೂ ಫಂಕ್ಷನ್ನಿಗೆ ಫಜರ್ ಬ್ಯಾರೆ. ಸೋರ್ಸ್ ಇಲ್ಲ, ಬೈನರಿ ಅಷ್ಟ ಐತಿ, ಹೊಳ್ಳಿ ವಾಲ್‌ಗ್ರಿಂಡ್. ಸರ್ವರ್ ಈಗ ಸೋರಾಕತ್ತೈತಿ, ಗಿರಾಕಿ ಫೋನ್ ಮಾಡಾಕತ್ತಾನ ಅಂದ್ರ ಮೊದಲ ಮೆಮೊರಿಮ್ಯಾಕ್ಸ್, ಆಮ್ಯಾಲ ಮೆಮ್‌ಲೀಕ್, ರೂಟ್ ಇಲ್ಲಾಂದ್ರ ಬ್ಯಾರೆ ಮಷಿನ್ನಿನ್ಯಾಗ ಅದ ಟ್ರಾಫಿಕ್ ಓಡಿಸಿ ಹೀಪ್‌ಟ್ರ್ಯಾಕ್. ರೊಕ್ಕ ಯಾವುದಕ್ಕೂ ಕೊಡೂದಿಲ್ಲ, ಎಲ್ಲಾ ಪುಕ್ಕಟೆನ, ಖರ್ಚು ಆಗೂದು ಒಬ್ಬ ಹುಡುಗನ ಎರಡು ದಿನ.

ನಮ್ಮ ಆಫೀಸಿನ್ಯಾಗ ಈಗ "ಕೆಟ್ಟ ಫೋಟೋ" ಅಂತ ಒಂದು ಫೋಲ್ಡರ್ ಐತಿ. ಪಿಎನ್‌ಜಿಗೆ ಜೆಪಿಜಿ ಹೆಸರಿಟ್ಟವು, ಅರ್ಧಕ್ಕ ನಿಂತ ಅಪ್‌ಲೋಡು, ಒಂದು ಪಿಡಿಎಫ್, ಯಾರೋ ತಪ್ಪಿ ಕಳಿಸಿದ ಭಜನಿ ಆಡಿಯೋ, ಎಲ್ಲಾ ಅದರಾಗ. ರಾತ್ರಿ ಏಸ್ಯಾನ್ ಬಿಲ್ಡ್ ಅವನ್ನೆಲ್ಲಾ ಒಂದು ಸುತ್ತು ತಿಂದು ಬರ್ತೈತಿ. ಮೊನ್ನೆ ಹೊಸದಾಗಿ ಸೇರಿದ ಧಾರವಾಡದ ಹುಡುಗಿ ಇನ್ನೊಂದು ಫೈಲ್ ಹಾಕಿದ್ಲು, ಸೊನ್ನೆ ಬೈಟಿಂದು, ಒಳಗ ಏನೂ ಇಲ್ಲ. "ಇದಕ್ಕೇನಾಗ್ತೈತಿ ಬಿಡವಾ" ಅಂದಿದ್ದೆ. ಬೆಳಿಗ್ಗೆ ಬಂದು ನೋಡಿದ್ರ ಬಿಲ್ಡ್ ಕೆಂಪ ಆಗಿತ್ತು, ಡೈರೆಕ್ಟ್ ಲೀಕ್, ಒಂದು ಆಬ್ಜೆಕ್ಟ್. ನಾವ ತಿದ್ದಿದ ಸಾಲಿನ ಮ್ಯಾಲಿನ ಸಾಲಿನ್ಯಾಗ.